ಹೋಸ್ಟಿಂಗ್ ಬದಲಿಸುವ ಮೊದಲು ಫೋಟೋಗಳನ್ನು ನೋಡಿ

ನಿಮ್ಮ ಸೀರೆ ಅಂಗಡಿಯ ವೆಬ್‌ಸೈಟ್ ಕಂಪ್ಯೂಟರಿನಲ್ಲಿ ಬೇಗ ತೆರೆಯುತ್ತದೆ, ಮೊಬೈಲಿನಲ್ಲಿ ಒದ್ದಾಡುತ್ತದೆ, ಹೋಸ್ಟಿಂಗ್, ಅಂದರೆ ಸೈಟ್ ಇಟ್ಟಿರುವ ಬಾಡಿಗೆ ಸರ್ವರ್, ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಅದಕ್ಕೆ ದುಡ್ಡು ಸುರಿಯಬೇಡಿ.

ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳಿಗೆ ಸೈಟ್ ಮಾಡಿಕೊಡುತ್ತೇನೆ. ಮೊಳಕಾಲ್ಮೂರು ಸೀರೆ ಮಾರುವವರೊಬ್ಬರ ಸೈಟನ್ನು ಆಫೀಸಿನ ವೈಫೈನಲ್ಲಿ ನೋಡಿ ಖುಷಿಪಟ್ಟಿದ್ದೆ. ಆಮೇಲೆ ಒಂದು ದಿನ ಜಗಳೂರು ಬಸ್ಸಿನಲ್ಲಿ ಕೂತು ಅಮ್ಮನ ಹಳೇ ಫೋನಿನಲ್ಲಿ ತೆರೆದೆ. ಊರು ದಾಟುತ್ತಲೇ ಸಿಗ್ನಲ್ ಇಳಿಯಿತು. ಬರೀ ಬಿಳಿ ಪರದೆ. ಎಷ್ಟೋ ಹೊತ್ತಿನ ಮೇಲೆ ಸೀರೆಯ ಸೆರಗು ಗೆರೆಗೆರೆಯಾಗಿ ಇಳಿಯುತ್ತಾ ಬಂತು. 'ಕರೆ ಮಾಡಿ' ಬಟನ್ ಒತ್ತಲು ಹೋದೆ. ಅಷ್ಟರಲ್ಲಿ ಇನ್ನೊಂದು ಫೋಟೋ ನುಗ್ಗಿ ಬಟನ್ ಕೆಳಗೆ ಜಾರಿತು, ಬೆರಳು ಬೇರೆಲ್ಲೋ ಬಿತ್ತು. ಎಷ್ಟು ಗಿರಾಕಿಗಳು ಹೀಗೆ ವಾಪಸ್ ಹೋದರೋ ಅಂತ ಹೊಟ್ಟೆ ಉರಿಯಿತು.

ನೋಡಿದರೆ ಮೊದಲ ಚಿತ್ರವೇ 4000 ಪಿಕ್ಸೆಲ್ ಅಗಲ, 5 ಎಂಬಿ. ಕ್ಯಾಮೆರಾದಿಂದ ಬಂದ ಹಾಗೇ ಏರಿಸಿದ್ದೆವು. ಮೊಬೈಲಿಗೆ 1080 ಪಿಕ್ಸೆಲ್ ಧಾರಾಳವಾಯಿತು. ಅಷ್ಟಕ್ಕೆ ಇಳಿಸಿ ವೆಬ್‌ಪಿ ಅನ್ನುವ ಹಗುರವಾದ ಚಿತ್ರದ ಫಾರ್ಮ್ಯಾಟ್‌ಗೆ ಬದಲಿಸಿದ ಮೇಲೆ 200 ಕೆಬಿ ಒಳಗೆ ಬಂತು. ಜರಿಯ ಹೊಳಪು ಹಾಗೇ ಇತ್ತು. ಸ್ಕ್ವೂಶ್ ಅನ್ನುವ ಸೈಟಿನಲ್ಲಿ ಇದನ್ನು ಬ್ರೌಸರಿನಲ್ಲೇ ಪುಕ್ಕಟೆ ಮಾಡಬಹುದು. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ಕೋಡ್‌ನಲ್ಲೇ ಬರೆಯಿರಿ. ಬ್ರೌಸರ್ ಮೊದಲೇ ಜಾಗ ಹಿಡಿದಿಡುತ್ತದೆ, ಬಟನ್ ಜಾರುವುದಿಲ್ಲ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಂದರೆ ಓದುಗರು ಅವುಗಳ ಹತ್ತಿರ ಬಂದಾಗಲೇ ಅವು ಇಳಿಯಲಿ. ಮೊದಲ ಚಿತ್ರಕ್ಕೆ ಮಾತ್ರ ಬೇಡ, ಅದು ಇನ್ನೂ ತಡವಾಗುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಬೆಲೆಪಟ್ಟಿಯನ್ನು ಪೋಸ್ಟರ್ ಥರ ಚಿತ್ರ ಮಾಡಿ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಸಣ್ಣ ಪರದೆಯಲ್ಲಿ ಆ ಅಕ್ಷರ ಓದೋಕೆ ಆಗಲ್ಲ, ಭಾರ ಬೇರೆ. ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಕನ್ನಡ ಫಾಂಟ್‌ಗಳು ಇಂಗ್ಲಿಷ್ ಫಾಂಟ್‌ಗಳಿಗಿಂತ ಸಾಮಾನ್ಯವಾಗಿ ದೊಡ್ಡವು, ಆದ್ದರಿಂದ ಒಂದೇ ಫಾಂಟ್ ಸಾಕು. ಫಾಂಟ್ ಬರುವ ತನಕ ಫೋನಿನ ಸ್ವಂತ ಅಕ್ಷರ ಕಾಣುವ ಹಾಗೆ ಫಾಂಟ್‌ನ ಕೋಡ್‌ನಲ್ಲಿ 'ಸ್ವಾಪ್' ಅನ್ನುವ ಆಯ್ಕೆ ಹಾಕಿಸಿ. ಫೋನ್ ನಂಬರ್ ಕೇಳುವ ಕಡೆ ಅಂಕಿಗಳ ಕೀಬೋರ್ಡೇ ತೆರೆಯಲಿ.

ಇಷ್ಟು ಮಾಡಿ, ಸೈಟಿನ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ವರದಿ ನೋಡಿ. ನೂರಕ್ಕೆ ನೂರು ಅಂಕ ಬರಲೇಬೇಕು ಅಂತ ಹಟ ಹಿಡಿದು ಕೂರಬೇಡಿ. ಎಲ್‌ಸಿಪಿ, ಅಂದರೆ ಮುಖ್ಯ ಚಿತ್ರವೋ ಬರಹವೋ ಕಾಣಿಸಲು ಹಿಡಿಯುವ ಸಮಯ, 2.5 ಸೆಕೆಂಡ್ ಒಳಗಿದ್ದರೆ ಒಳ್ಳೆಯದು. ಸರ್ವರ್ ಮೊದಲ ಉತ್ತರ ಕೊಡುವುದಕ್ಕೇ 0.8 ಸೆಕೆಂಡ್‌ಗಿಂತ ಜಾಸ್ತಿ ಹಿಡಿಯುತ್ತಿದ್ದರೆ ಆಗ ಹೋಸ್ಟಿಂಗ್ ಮೇಲೆ ಅನುಮಾನಪಡಿ. ವರದಿಯ ಸ್ಕ್ರೀನ್‌ಶಾಟ್ ಹಾಕಿ, ನೋಡಿ ಹೇಳುತ್ತೇನೆ.