ಎರಡು ರೂಪಾಯಿ ದೊಡ್ಡದೋ, ಐದು ರೂಪಾಯಿ ದೊಡ್ಡದೋ?

ಸಂಪಾದಕರ ಉತ್ತರ

ಸಹೋದರಿ,

ಹಾಸನದಿಂದ ನೀವು ಬರೆದ ಪತ್ರ ತಲುಪಿತು. ಎರಡನೇ ತರಗತಿಯ ಮಗಳು ನೂರರವರೆಗೆ ತಡವರಿಸದೆ ಎಣಿಸುತ್ತಾಳೆ. ಆದರೆ ಅಂಗಡಿಯಲ್ಲಿ ಐದರ ಬದಲು ಎರಡು ರೂಪಾಯಿ ನಾಣ್ಯ ಕೊಟ್ಟು ನಿಲ್ಲುತ್ತಾಳೆ, ಒಂದು ರೂಪಾಯಿಯ ಮೂರು ನಾಣ್ಯಗಳನ್ನೂ ಹತ್ತರ ಒಂದು ನಾಣ್ಯವನ್ನೂ ಮುಂದಿಟ್ಟರೆ ಮೂರನ್ನೇ ಬಾಚಿಕೊಳ್ಳುತ್ತಾಳೆ ಎಂದಿದ್ದೀರಿ. ಎಲ್ಲವೂ ಮೊಬೈಲ್‌ನಲ್ಲೇ ನಡೆಯುವ ಈ ಕಾಲದಲ್ಲಿ ಇದನ್ನು ಕಲಿಸಬೇಕೇ ಎಂದು ನಿಮ್ಮ ಯಜಮಾನರು ಕೇಳುತ್ತಿರುವುದನ್ನೂ ತಿಳಿಸಿದ್ದೀರಿ.

ಕಲಿಸಲೇಬೇಕು. ಮೊಬೈಲ್ ಬಂದಿರುವುದರಿಂದ ಈ ಕೆಲಸ ಇನ್ನಷ್ಟು ಮುಖ್ಯವಾಗಿದೆ. ಮೊದಲೆಲ್ಲ ಅಮ್ಮನ ಸೆರಗು ಹಿಡಿದು ಅಂಗಡಿಗೆ ಹೋದ ಮಗು ಪರ್ಸು ತೆರೆಯುವುದನ್ನು, ನೋಟು ಕೈ ಬದಲಾಗುವುದನ್ನು, ಚಿಲ್ಲರೆ ವಾಪಸು ಬರುವುದನ್ನು ದಿನವೂ ನೋಡುತ್ತಿತ್ತು. ಈಗ ಫೋನು ಎತ್ತಿ ಹಿಡಿದರೆ ಅಂಗಡಿಯ ಪೆಟ್ಟಿಗೆಯೊಂದು ಮೊತ್ತ ಕೂಗುತ್ತದೆ, ಹಾಲಿನ ಪ್ಯಾಕೆಟ್ ಕೈಗೆ ಬರುತ್ತದೆ. ಅಮ್ಮನ ಬಳಿ ಇದ್ದದ್ದು ಏನಾದರೂ ಕಡಿಮೆಯಾಯಿತೆಂದು ಮಗುವಿಗೆ ತಿಳಿಯುವುದಾದರೂ ಹೇಗೆ?

ನಿಮ್ಮ ಮಗಳು ದಡ್ಡಿಯಲ್ಲ. ನಮ್ಮ ನಾಣ್ಯಗಳೇ ಗೊಂದಲದವು. 2011ರ ಸರಣಿಯಲ್ಲಿ ಎರಡು ರೂಪಾಯಿಯ ನಾಣ್ಯ 25 ಮಿಲಿಮೀಟರ್ ಅಗಲ, ಐದು ರೂಪಾಯಿಯದು 23. 2019ರ ಸರಣಿಯಲ್ಲಿ ಇದು ತಿರುವುಮುರುವು. ಎರಡೂ ಬಗೆಯವು ಈಗ ಒಟ್ಟಿಗೆ ಚಲಾವಣೆಯಲ್ಲಿವೆ. ದೊಡ್ಡದಕ್ಕೆ ಹೆಚ್ಚು ಬೆಲೆ ಎಂದು ನಂಬುವ ಮಗು ಎಡವದೆ ಇನ್ನೇನು ಮಾಡೀತು? ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಸುರಿದು, ಅಂಕಿ ನೋಡಿ ಗುಂಪು ಮಾಡಲು ಬಿಡಿ. ಗಾತ್ರ, ಬಣ್ಣ ಬೇರೆಯಾದರೂ ಅಂಕಿ ಒಂದೇ ಆದರೆ ಬೆಲೆ ಒಂದೇ ಎಂಬುದು ಅವಳ ಕೈಗೇ ತಿಳಿಯುತ್ತದೆ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಅಂಚು. ಅದನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಮಾತ್ರ ಎಚ್ಚರ, ನಾಣ್ಯ ನೇರ ಬಾಯಿಗೆ ಹೋಗುತ್ತದೆ.

ನೋಟುಗಳು ಇಷ್ಟು ಕಷ್ಟವಲ್ಲ. ಹೊಸ ಐವತ್ತರ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಎಲ್ಲ ನೋಟುಗಳ ಹಿಂಬದಿಯಲ್ಲೂ ಹದಿನೈದು ಭಾಷೆಗಳ ಪಟ್ಟಿಯಿದೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಅಕ್ಷರ ಕೂಡಿಸಿ ಓದಲು ಕಲಿತ ಮಗು ‘ಐವತ್ತು ರೂಪಾಯಿಗಳು’ ಎಂಬುದನ್ನು ತಾನೇ ಹುಡುಕಿ ಓದಲಿ. ಮೈಸೂರಿನಲ್ಲೂ ನೋಟು ಮುದ್ರಣಾಲಯವಿದೆ ಎಂದು ಹೇಳಿ ನೋಡಿ, ಮುಂದಿನ ಅರ್ಧ ಗಂಟೆ ಪ್ರಶ್ನೆಗಳ ಸುರಿಮಳೆ! ಆಟಿಕೆ ನೋಟುಗಳನ್ನು ಕೊಳ್ಳಬೇಡಿ. ಅವುಗಳನ್ನು ಯಾವ ಅಂಗಡಿಯಲ್ಲೂ ತೆಗೆದುಕೊಳ್ಳುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು.

ನಿಜವಾದ ಕಷ್ಟ ಬರುವುದು ಬದಲಾಯಿಸುವಲ್ಲಿ. ಐದು ನಾಣ್ಯ ಕೊಟ್ಟು ಒಂದನ್ನು ಪಡೆದಾಗ ಮಗುವಿಗೆ ನಷ್ಟವಾದಂತೆಯೇ ಅನ್ನಿಸುತ್ತದೆ. ಮಾತಿನಲ್ಲಿ ವಿವರಿಸಿ ಪ್ರಯೋಜನವಿಲ್ಲ. ಒಂದರ ಐದು ನಾಣ್ಯಗಳಿಗೆ ಒಂದು ಬಿಸ್ಕತ್ತಿನ ಪೊಟ್ಟಣ ತರಿಸಿ. ಮರುದಿನ ಐದರ ಒಂದೇ ನಾಣ್ಯ ಕೊಟ್ಟು ಅದೇ ಪೊಟ್ಟಣ ತರಿಸಿ. ಒಂದೆರಡು ವಾರ ಹಿಡಿದರೂ ಅವಸರ ಮಾಡಬೇಡಿ. ಇದು ಗಟ್ಟಿಯಾಗದೆ ಮುಂದಿನದು ನಿಲ್ಲುವುದಿಲ್ಲ.

ಎಣಿಸುವಾಗ ಹೆಚ್ಚಿನ ಬೆಲೆಯದ್ದು ಮೊದಲು: ಹತ್ತು, ಹದಿನೈದು, ಹದಿನೇಳು, ಹತ್ತೊಂಬತ್ತು, ಇಪ್ಪತ್ತು. ಚಿಲ್ಲರೆಗೆ ಕಳೆಯುವ ಲೆಕ್ಕ ಬೇಡವೇ ಬೇಡ. ಹಳೆಯ ದಿನಸಿ ಅಂಗಡಿಯವರು ಮಾಡುವುದನ್ನು ಗಮನಿಸಿ. ಹದಿಮೂರು ರೂಪಾಯಿಯ ಸಾಮಾನಿಗೆ ಇಪ್ಪತ್ತು ಕೊಟ್ಟರೆ ‘ಹದಿಮೂರು’ ಎಂದು ಶುರು ಮಾಡಿ, ಎರಡರ ನಾಣ್ಯ ಇಟ್ಟು ‘ಹದಿನೈದು’, ಐದರದ್ದು ಇಟ್ಟು ‘ಇಪ್ಪತ್ತು’ ಎನ್ನುತ್ತಾರೆ. ಏಳು ಎಂಬ ಸಂಖ್ಯೆ ಬಾಯಿಗೆ ಬರುವುದೇ ಇಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಇದನ್ನು ಮಕ್ಕಳು ಬಹುಬೇಗ ಹಿಡಿಯುತ್ತಾರೆ.

ಚಿಲ್ಲರೆಯ ಬದಲು ಚಾಕೊಲೇಟ್ ಕೊಟ್ಟರೆ ‘ದುಡ್ಡೇ ಕೊಡಿ ಅಂಕಲ್’ ಎನ್ನಲು ಧೈರ್ಯ ತುಂಬಿ. ಹತ್ತರ ನಾಣ್ಯ ಬೇಡವೆಂದರೆ, ಅದರ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಇದನ್ನು ಅವಳೆದುರೇ ನೀವು ಅಂಗಡಿಯವರಿಗೆ ಹೇಳಿ.

ಮೊಬೈಲನ್ನು ಬಿಡಬೇಕಿಲ್ಲ. ಫೋನಿನಲ್ಲಿ ನಲವತ್ತಾರು ರೂಪಾಯಿ ಕೊಟ್ಟು ಬಂದ ದಿನ, ಡಬ್ಬಿಯಿಂದ ಅಷ್ಟನ್ನು ಅವಳ ಕೈಯಲ್ಲೇ ಎಣಿಸಿ ಇನ್ನೊಂದು ಡಬ್ಬಿಗೆ ಹಾಕಿಸಿ. ತಿಂಗಳ ಕೊನೆಗೆ ಮೊದಲ ಡಬ್ಬಿ ಬರಿದಾಗುವುದನ್ನು ನಿಮ್ಮ ಯಜಮಾನರೂ ನೋಡಲಿ.

ಮಗಳ ಶಾಲೆಯಲ್ಲಿ ಮೆಟ್ರಿಕ್ ಮೇಳ, ಅಂದರೆ ಮಕ್ಕಳೇ ಅಂಗಡಿ ಇಟ್ಟು ವ್ಯಾಪಾರ ಮಾಡುವ ಸಂತೆ, ನಡೆದರೆ ಕೊಳ್ಳಲು ಮಾತ್ರ ಕಳುಹಿಸಬೇಡಿ, ಮಾರಲು ಕೂರಿಸಿ. ಕಟ್ಟಿಗೆ ಐದು ರೂಪಾಯಿಯಂತೆ ಒಂದಿಷ್ಟು ಕರಿಬೇವು, ಮುಷ್ಟಿ ತುಂಬ ಚಿಲ್ಲರೆ ಕೊಟ್ಟರೆ ಸಾಕು. ಹಣ ಪಡೆಯುವುದು, ಚಿಲ್ಲರೆ ಹಿಂದಿರುಗಿಸುವುದು ಎರಡೂ ಅವಳದೇ ಕೆಲಸವಾಗಿರಲಿ. ಗಿರಾಕಿಯ ಮುಂದೆ ನೀವು ಕೈ ಹಾಕಬೇಡಿ. ಲೆಕ್ಕ ತಪ್ಪಿದ್ದರೆ ಸಂಜೆ ಇಬ್ಬರೂ ಕುಳಿತು ಮತ್ತೆ ಎಣಿಸಿದರಾಯಿತು.

— ಸಂಪಾದಕ