ಪ್ರೈವೇಟ್ ಪ್ಯಾಕೇಜ್ ರಿಜಿಸ್ಟ್ರಿ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪದಗಳನ್ನು ಎಲ್ಲಿಂದ ಕಲಿಯಲಿ?

ಹೊಸ ಕಂಪನಿ, ಕನ್ನಡ ಮೀಡಿಯಂ ಓದು, ಟೀಮಿನವರು ಸ್ಟ್ಯಾಂಡಪ್‌ನಲ್ಲಿ ‘ಸ್ಕೋಪ್’, ‘ಪ್ರಾಕ್ಸಿ’, ‘ಯಾಂಕ್’ ಅಂತ ಮಾತಾಡುವಾಗ ಸುಮ್ನೆ ತಲೆ ಆಡಿಸುತ್ತೀರಿ, ಪದಗಳ ಪಟ್ಟಿ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಪಟ್ಟಿ ಬೇಡ. ನಾನು ನಮ್ಮ ಕಂಪನಿಯ ರಿಜಿಸ್ಟ್ರಿ (ಸಿದ್ಧ ಕೋಡಿನ ಪ್ಯಾಕೇಜುಗಳನ್ನು ಇಟ್ಟು ಹಂಚುವ ಗೋದಾಮು) ನೋಡಿಕೊಳ್ಳುವ ಟೀಮಿನಲ್ಲಿದ್ದೇನೆ. ಪಟಪಟ ಇಂಗ್ಲಿಷ್ ಮಾತಾಡುವವರೂ ಎರರ್ ಮೆಸೇಜ್ ಓದದೆ ಅದರ ಸ್ಕ್ರೀನ್‌ಶಾಟ್ ಕಳಿಸಿ ‘ಇದು ವರ್ಕ್ ಆಗ್ತಿಲ್ಲ’ ಅಂತಾರೆ. ನೀವು ಆ ಕೆಂಪು ಸಾಲುಗಳಿಂದಲೇ ಪದ ಕಲಿಯಿರಿ, ಅವರಿಗಿಂತ ಮುಂದೆ ಹೋಗುತ್ತೀರಿ.

ಮೊದಲು 404 ನೋಡೋಣ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರುವ ಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಕೊಟ್ಟಿರಿ, ‘404 ನಾಟ್ ಫೌಂಡ್’ ಬಂತು. ಪ್ಯಾಕೇಜೇ ಇಲ್ಲ ಅಂದುಕೊಳ್ಳಬೇಡಿ. ಅದೇ ಸಾಲಿನಲ್ಲಿ ‘ಗೆಟ್’ ಅನ್ನುವ ಪದದ ಪಕ್ಕ ಒಂದು ವಿಳಾಸ ಇರುತ್ತದೆ, ಅದನ್ನು ಓದಿ. ಅಲ್ಲಿ ‘ರಿಜಿಸ್ಟ್ರಿ ಡಾಟ್ ಎನ್‌ಪಿಎಂಜೆಎಸ್ ಡಾಟ್ ಆರ್ಗ್’ ಅಂತಿದ್ದರೆ ನಿಮ್ಮ ಮಷೀನು ಕಂಪನಿಯ ಪ್ಯಾಕೇಜನ್ನು ಹೊರಗಿನ ಪಬ್ಲಿಕ್ ರಿಜಿಸ್ಟ್ರಿಯಲ್ಲಿ ಹುಡುಕುತ್ತಿದೆ. ಇಲ್ಲಿ ಬರುತ್ತದೆ ನಿಮ್ಮ ಸ್ಕೋಪ್. ಪ್ಯಾಕೇಜ್ ಹೆಸರಿನ ಶುರುವಿಗೆ ಅಟ್ ಚಿಹ್ನೆ, ಆಮೇಲೆ ಕಂಪನಿಯ ಹೆಸರು, ಆಮೇಲೆ ಓರೆಗೆರೆ ಇರುತ್ತದಲ್ಲ, ಆ ಓರೆಗೆರೆಗಿಂತ ಮೊದಲಿನ ಭಾಗವೇ ಸ್ಕೋಪ್. ‘ಈ ಸ್ಕೋಪಿನವು ಬೇಕಾದರೆ ನಮ್ಮ ರಿಜಿಸ್ಟ್ರಿಗೆ ಹೋಗು’ ಅಂತ ಎನ್‌ಪಿಎಂನ ಸೆಟ್ಟಿಂಗ್‌ಗಳಿರುವ ಡಾಟ್ ಎನ್‌ಪಿಎಂಆರ್‌ಸಿ ಫೈಲಿನಲ್ಲಿ ಒಂದು ಸಾಲು ಇರಬೇಕು. ನಿಮ್ಮಲ್ಲಿ ಆ ಸಾಲು ಬಿಟ್ಟುಹೋಗಿದೆ, ಅಷ್ಟೇ.

ವಿಳಾಸ ಕಂಪನಿಯದ್ದೇ ಆಗಿದ್ದರೆ ಕಥೆ ಬೇರೆ. ಎಷ್ಟೋ ರಿಜಿಸ್ಟ್ರಿಗಳು ಪರ್ಮಿಶನ್ ಇಲ್ಲದವರಿಗೆ ‘ಇದೆ, ಆದರೆ ಕೊಡಲ್ಲ’ ಅನ್ನುವುದಿಲ್ಲ, ‘ಅಂಥದ್ದು ಇಲ್ಲವೇ ಇಲ್ಲ’ ಅಂದುಬಿಡುತ್ತವೆ. ಒಳಗಿನ ಪ್ಯಾಕೇಜಿನ ಹೆಸರು ಕೂಡ ಹೊರಗೆ ಗೊತ್ತಾಗಬಾರದು ಅನ್ನುವ ಲೆಕ್ಕ. ಆಗ ಚಾಟಿನಲ್ಲಿ ಹೀಗೆ ಕೇಳಿ: ‘ಐ ಆಮ್ ಗೆಟಿಂಗ್ ಎ 404 ಫ್ರಮ್ ಅವರ್ ರಿಜಿಸ್ಟ್ರಿ. ಡು ಐ ಹ್ಯಾವ್ ರೀಡ್ ಆಕ್ಸೆಸ್ ಟು ದಿಸ್ ಸ್ಕೋಪ್?’ ಇಷ್ಟು ಸ್ಪಷ್ಟವಾಗಿ ಕೇಳಿದವರಿಗೆ ನಾವಂತೂ ಮೊದಲು ಉತ್ತರ ಕೊಡುತ್ತೇವೆ.

401 ಬಂದರೆ ನೀವು ಯಾರು ಅಂತಲೇ ರಿಜಿಸ್ಟ್ರಿಗೆ ಗೊತ್ತಾಗಿಲ್ಲ. ಟೋಕನ್ (ಪಾಸ್‌ವರ್ಡ್ ಥರ ನಿಮ್ಮ ಗುರುತು ತೋರಿಸುವ ಗುಟ್ಟಿನ ಅಕ್ಷರಸಾಲು) ಹಾಕಿಲ್ಲ, ಇಲ್ಲವೇ ಅದು ಎಕ್ಸ್‌ಪೈರ್ ಆಗಿದೆ. 403 ಬಂದರೆ ನೀವು ಯಾರು ಅಂತ ಗೊತ್ತು, ಆ ಕೆಲಸಕ್ಕೆ ನಿಮಗೆ ಒಪ್ಪಿಗೆ ಇಲ್ಲ. ಬರೀ ಓದುವ ಟೋಕನ್ ಇಟ್ಟುಕೊಂಡು ‘ಪಬ್ಲಿಶ್’ ಮಾಡಲು ಹೋದರೆ ಸಾಮಾನ್ಯವಾಗಿ ಇದೇ ಸಿಗುವುದು. ಅಂದಹಾಗೆ 401ರ ಅಧಿಕೃತ ಹೆಸರು ‘ಅನ್‌ಆಥರೈಸ್ಡ್’. ಕೇಳಿದರೆ 403ರ ‘ಒಪ್ಪಿಗೆ ಇಲ್ಲ’ ಅಂತಲೇ ಅನ್ನಿಸುತ್ತದೆ; ಹೆಸರಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ನೀವು ನಂಬರ್ ಮಾತ್ರ ನೆನಪಿಡಿ. ಇನ್ನು ಟೋಕನ್ ‘ರಿವೋಕ್’ ಮಾಡುವುದು ಅಂದರೆ ಅದನ್ನು ರದ್ದು ಮಾಡುವುದು, ‘ರೊಟೇಟ್’ ಮಾಡುವುದು ಅಂದರೆ ಹೊಸದು ತಂದಿಟ್ಟು ಹಳೆಯದನ್ನು ಸಾಯಿಸುವುದು. ಗಿಟ್‌ಗೆ ತಪ್ಪಿ ಟೋಕನ್ ಕಮಿಟ್ ಆದರೆ ಆ ಕಮಿಟ್ ಅಳಿಸಿದರೆ ಸಾಲದು, ರೊಟೇಟ್ ಮಾಡಲೇಬೇಕು.

‘ಪ್ರಾಕ್ಸಿ’ ನಿಮಗೆ ಆಗಲೇ ಗೊತ್ತು. ಕಾಲೇಜಿನಲ್ಲಿ ಬಂಕ್ ಹೊಡೆದ ಗೆಳೆಯನ ಪರವಾಗಿ ‘ಪ್ರೆಸೆಂಟ್ ಸರ್’ ಅಂತಿದ್ದೆವಲ್ಲ, ಅದೇ. ನೀವು ಕೇಳಿದ ಪ್ಯಾಕೇಜು ಕಂಪನಿಯ ರಿಜಿಸ್ಟ್ರಿಯಲ್ಲಿ ಇಲ್ಲದಿದ್ದರೆ ಅದು ಹೊರಗಿನಿಂದ ತಂದು, ತನ್ನಲ್ಲೊಂದು ಕಾಪಿ ಇಟ್ಟುಕೊಂಡು, ನಿಮಗೆ ಕೊಡುತ್ತದೆ. ಗೊಂದಲ ಆಗುವುದು ಹೆಸರುಗಳಲ್ಲಿ. ರಿಜಿಸ್ಟ್ರಿ ನಡೆಸುವ ಸಾಫ್ಟ್‌ವೇರ್ ಆದ ನೆಕ್ಸಸ್‌ನಲ್ಲಿ ‘ಹೋಸ್ಟೆಡ್’, ‘ಪ್ರಾಕ್ಸಿ’, ‘ಗ್ರೂಪ್’ ಅನ್ನುವುದನ್ನೇ ಅಂಥದ್ದೇ ಇನ್ನೊಂದಾದ ಆರ್ಟಿಫ್ಯಾಕ್ಟರಿಯಲ್ಲಿ ‘ಲೋಕಲ್’, ‘ರಿಮೋಟ್’, ‘ವರ್ಚುವಲ್’ ಅನ್ನುತ್ತಾರೆ. ಅಲ್ಲಿ ಲೋಕಲ್ ಅಂದರೆ ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಕಂಪನಿಯವರೇ ಪಬ್ಲಿಶ್ ಮಾಡಿದ್ದನ್ನು ಇಡುವ ಜಾಗ. ಗ್ರೂಪ್ ಅಥವಾ ವರ್ಚುವಲ್ ಅಂದರೆ ಒಳಗಿನದು, ಹೊರಗಿನದು ಎರಡನ್ನೂ ಒಂದೇ ವಿಳಾಸದಲ್ಲಿ ಕೊಡುವ ಜಾಗ.

ಹೊರಗಿನ ಕಾಪಿ ಯಾಕೆ ಬೇಕು ಅಂತ 2016ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಹೆಸರಿನ ಜಗಳದಿಂದ ಬೇಸತ್ತ ಒಬ್ಬ ಡೆವಲಪರ್ ಎನ್‌ಪಿಎಂನಿಂದ ತನ್ನ ಪ್ಯಾಕೇಜುಗಳನ್ನೆಲ್ಲ ತೆಗೆದುಬಿಟ್ಟ. ಅದರಲ್ಲಿ ‘ಲೆಫ್ಟ್ ಪ್ಯಾಡ್’ ಅನ್ನುವ 11 ಸಾಲಿನ ಕೋಡ್ ಇತ್ತು. ಅದನ್ನು ನಂಬಿದ್ದ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ನಿಂತಿತು. ಆಮೇಲೆ ಎನ್‌ಪಿಎಂ ‘ಅನ್‌ಪಬ್ಲಿಶ್’ ಮಾಡುವುದಕ್ಕೆ ಕಡಿವಾಣ ಹಾಕಿತು. ಈಗ 72 ಗಂಟೆ ದಾಟಿದ ಪ್ಯಾಕೇಜನ್ನು ತೆಗೆಯಬೇಕಾದರೆ ಬಿಗಿ ಷರತ್ತುಗಳಿವೆ. ‘ಡೆಪ್ರಿಕೇಟ್’ ಮೃದು: ಪ್ಯಾಕೇಜು ಅಲ್ಲೇ ಇರುತ್ತದೆ, ಇನ್‌ಸ್ಟಾಲ್ ಮಾಡಿದವರಿಗೆ ಒಂದು ಎಚ್ಚರಿಕೆ ಕಾಣುತ್ತದೆ. ‘ಯಾಂಕ್’ ಸ್ವಲ್ಪ ಮೋಸದ ಪದ. ಪೈಥಾನ್, ರಸ್ಟ್ ಲೋಕದಲ್ಲಿ ಯಾಂಕ್ ಆದ ವರ್ಶನ್ ಹೊಸಬರಿಗೆ ಸಿಗುವುದಿಲ್ಲ, ಲಾಕ್ ಫೈಲಿನಲ್ಲಿ (ಯಾವ ಪ್ಯಾಕೇಜಿನ ಯಾವ ವರ್ಶನ್ ಬೇಕು ಅಂತ ಬರೆದಿಡುವ ಫೈಲು) ಅದೇ ನಂಬರ್ ಬರೆದಿಟ್ಟವರಿಗೆ ಸಿಗುತ್ತಲೇ ಇರುತ್ತದೆ. ರೂಬಿಯಲ್ಲಿ ಯಾಂಕ್ ಅಂದರೆ ನಿಜವಾಗಿಯೂ ತೆಗೆದುಹಾಕುವುದು.

ಪದದ ಅರ್ಥ ಗೊತ್ತಿಲ್ಲದೆ ದುಬಾರಿ ಏಟು ತಿನ್ನಬಹುದಾದ ಜಾಗ ಒಂದಿದೆ. ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ನಲ್ಲಿ ‘ಇಂಡೆಕ್ಸ್ ಯುಆರ್‌ಎಲ್’ ಮತ್ತು ‘ಎಕ್ಸ್‌ಟ್ರಾ ಇಂಡೆಕ್ಸ್ ಯುಆರ್‌ಎಲ್’ ಅಂತ ಎರಡು ಸೆಟ್ಟಿಂಗ್ ಇವೆ. ಮೊದಲನೆಯದು ‘ಪೈಪಿಐ (ಪೈಥಾನ್‌ನ ಪಬ್ಲಿಕ್ ರಿಜಿಸ್ಟ್ರಿ) ಬಿಟ್ಟು ಇಲ್ಲಿಂದ ತಾ’ ಅನ್ನುತ್ತದೆ. ಎರಡನೆಯದು ‘ಪೈಪಿಐ ಜೊತೆಗೆ ಇಲ್ಲೂ ನೋಡು’ ಅನ್ನುತ್ತದೆ. ಎಕ್ಸ್‌ಟ್ರಾ ಅಂದ ಕೂಡಲೇ ‘ಮೊದಲು ನಮ್ಮದು, ಸಿಗದಿದ್ದರೆ ಹೊರಗಿನದು’ ಅಂತ ಅನ್ನಿಸುತ್ತದೆ ಅಲ್ವಾ? ಪಿಪ್ ಹಾಗೆ ಮಾಡುವುದೇ ಇಲ್ಲ. ಎರಡೂ ಕಡೆ ನೋಡಿ, ಯಾವ ಕಡೆ ವರ್ಶನ್ ನಂಬರ್ ದೊಡ್ಡದೋ ಅದನ್ನು ಎತ್ತಿಕೊಳ್ಳುತ್ತದೆ. ನಿಮ್ಮ ಒಳಗಿನ ಪ್ಯಾಕೇಜಿನ ಹೆಸರು ತಿಳಿದ ಯಾರಾದರೂ ಅದೇ ಹೆಸರಲ್ಲಿ ದೊಡ್ಡ ನಂಬರ್ ಹಾಕಿ ಪೈಪಿಐಗೆ ಏರಿಸಿದರೆ ಅವರ ಕೋಡ್ ನಿಮ್ಮ ಸರ್ವರಿನಲ್ಲಿ ಓಡುತ್ತದೆ. ಇದಕ್ಕೆ ‘ಡಿಪೆಂಡೆನ್ಸಿ ಕನ್‌ಫ್ಯೂಷನ್’ ಅನ್ನುತ್ತಾರೆ. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಅನ್ನುವ ಸಂಶೋಧಕರು ಇಂಥ ದಾರಿಯಲ್ಲೇ ಆಪಲ್, ಮೈಕ್ರೋಸಾಫ್ಟ್, ಪೇಪಾಲ್ ಸೇರಿ 35ಕ್ಕೂ ಜಾಸ್ತಿ ಕಂಪನಿಗಳ ಒಳಗೆ ತಮ್ಮ ಕೋಡ್ ಓಡಿದ್ದನ್ನು ಬರೆದರು. ಅವರು ಹಾನಿ ಮಾಡಲು ಹೋದವರಲ್ಲ, ಬಹುಮಾನ ಪಡೆದರು. 2022ರ ಡಿಸೆಂಬರ್ ಕೊನೆಯಲ್ಲಿ ಎಐ ಲೈಬ್ರರಿಯಾದ ಪೈಟಾರ್ಚ್‌ನ ನೈಟ್ಲಿ ಬಿಲ್ಡ್ (ದಿನಾ ಬರುವ ಪರೀಕ್ಷಾ ವರ್ಶನ್) ಹಾಕಿಕೊಂಡವರಿಗೆ ಆದದ್ದು ನಿಜವಾದ ದಾಳಿ. ‘ಟಾರ್ಚ್‌ಟ್ರೈಟನ್’ ಅನ್ನುವ ಹೆಸರಲ್ಲಿ ಪೈಪಿಐಗೆ ಏರಿಸಿದ ಕಳ್ಳ ಪ್ಯಾಕೇಜು ಲಿನಕ್ಸ್ ಮಷೀನುಗಳಿಂದ ಫೈಲುಗಳನ್ನು ಕದ್ದು ಕಳಿಸಿತು.

ಹಾಗಾಗಿ ನಿಮ್ಮ ಟೀಮಿನಲ್ಲಿ ಪೈಥಾನ್ ಇದ್ದರೆ ಪಿಪ್ ಕಾನ್ಫಿಗ್, ಡಾಕರ್ ಫೈಲು, ಸಿಐ ಸ್ಕ್ರಿಪ್ಟ್ (ಕೋಡನ್ನು ತಾನಾಗಿ ಬಿಲ್ಡ್, ಟೆಸ್ಟ್ ಮಾಡುವುದು) ಮೂರರಲ್ಲೂ ‘ಎಕ್ಸ್‌ಟ್ರಾ’ ಅಂತ ಹುಡುಕಿ. ಸಿಕ್ಕರೆ ಸ್ಟ್ಯಾಂಡಪ್‌ನಲ್ಲಿ ಕೇಳಿ: ‘ವೈ ಆರ್ ವಿ ಯೂಸಿಂಗ್ ಎಕ್ಸ್‌ಟ್ರಾ ಇಂಡೆಕ್ಸ್ ಯುಆರ್‌ಎಲ್ ಹಿಯರ್? ಕ್ಯಾನ್ ವಿ ಪಾಯಿಂಟ್ ಎವೆರಿಥಿಂಗ್ ಟು ದಿ ಗ್ರೂಪ್ ರಿಪಾಸಿಟರಿ?’ ಆ ಗ್ರೂಪಿನಲ್ಲಿ ಒಳಗಿನ ಹೆಸರುಗಳಿಗೆ ಹೊರಗಿನದು ಬರದಂತೆ ತಡೆ ಹಾಕಿದ್ದಾರಾ ಅಂತಲೂ ಕೇಳಿಬಿಡಿ. ತಡೆ ಹಾಕದಿದ್ದರೆ ಅದೇ ತೊಂದರೆ ನಿಮ್ಮ ಲ್ಯಾಪ್‌ಟಾಪಿನಿಂದ ರಿಜಿಸ್ಟ್ರಿಗೆ ಹೋಗಿ ಕೂರುತ್ತದೆ.