ಮೈಸೂರಿನಲ್ಲಿ ಕನ್ನಡ ಬ್ಯಾಂಡ್ ಕಟ್ಟೋಕೆ ಜೊತೆಗಾರರು ಎಲ್ಲಿ ಸಿಗ್ತಾರೆ?

ಧಾರವಾಡದಿಂದ ಕೆಲಸಕ್ಕೆ ಮೈಸೂರಿಗೆ ಬಂದಿದ್ದೀರಿ, ಗಿಟಾರ್ ನುಡಿಸ್ತೀರಿ, ಆದರೆ ಇಲ್ಲಿ ಒಬ್ಬರ ಪರಿಚಯವೂ ಇಲ್ಲ ಅಂತ ಬರೆದಿದ್ದೀರಿ. ನಾನು ಇಲ್ಲಿ ಎಂಟು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಎರಡು ಬ್ಯಾಂಡ್ ಮುರಿದುಬಿದ್ದವು, ಮೂರನೆಯದು ಇನ್ನೂ ಉಳಿದಿದೆ.

ಗಿಟಾರಿನವರು ಬೀದಿಗೊಬ್ಬರು ಸಿಗುತ್ತಾರೆ. ಕಷ್ಟ ಇರೋದು ಡ್ರಮ್ಮರ್‌ದು. ಬಾಡಿಗೆ ಮನೆಯಲ್ಲಿ ಡ್ರಮ್ ಸೆಟ್ ಇಡೋಕೆ ಓನರ್ ಬಿಡಬೇಕಲ್ಲ! ಅದಕ್ಕೇ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಹೋಗಿ. ಹಾಡುವವರನ್ನು ಬಿಡಿ, ಮೂಲೆಯಲ್ಲಿ ರಿದಮ್ ಪ್ಯಾಡ್ ಬಾರಿಸುವವನನ್ನು ನೋಡಿ. ಚೀಟಿಯಲ್ಲಿ ಯಾವ ಹಾಡು ಬರೆದು ಕಳಿಸಿದರೂ ರಿಹರ್ಸಲ್ ಇಲ್ಲದೆ ಬಾರಿಸ್ತಾನೆ. ಕಾರ್ಯಕ್ರಮ ಮುಗಿದು ವೈರ್ ಸುತ್ತುವಾಗ ಮಾತಾಡಿಸಿ. ನಮ್ಮ ಡ್ರಮ್ಮರ್ ಸಿಕ್ಕಿದ್ದೇ ಹಾಗೆ. ಹಬ್ಬದ ಸೀಸನ್ನಿನಲ್ಲಿ ಮಾತ್ರ ಆಸಾಮಿ ಕೈಗೆ ಸಿಗಲ್ಲ.

ಹಾಡುವವರು ಬೇಕಿದ್ದರೆ ನಾಟಕ ಸಂಸ್ಥೆ ರಂಗಾಯಣದ ಕಡೆ ಹೋಗಿ, ಅಲ್ಲಿನ ಬಹುರೂಪಿ ನಾಟಕೋತ್ಸವದ ಹೊತ್ತಿಗಂತೂ ತಪ್ಪಿಸಬೇಡಿ. ನಾಟಕದವರಿಗೆ ಕನ್ನಡ ಬಾಯಲ್ಲಿ ಸ್ಪಷ್ಟವಾಗಿ ನಿಲ್ಲುತ್ತೆ. ದಸರೆಗೆ ಮುಂಚೆ ನಡೆಯುವ ಯುವ ಸಂಭ್ರಮಕ್ಕೆ ಹೋಗು ಅಂತ ಎಲ್ಲರೂ ಹೇಳ್ತಾರೆ. ಅಲ್ಲಿ ಕಾಲೇಜು ಹುಡುಗರ ಡಾನ್ಸೇ ಜಾಸ್ತಿ.

ಗಾಯಕ ರಘು ದೀಕ್ಷಿತ್ ಮತ್ತು ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್, ಅಣ್ಣತಮ್ಮಂದಿರಿಬ್ಬರೂ ಈ ಊರಿನವರೇ. ರಘು ಅವರು ಶಿಶುನಾಳ ಶರೀಫರ ಪದ ಹಾಡಿದ ಮೇಲೆ ಹೊಸ ಬ್ಯಾಂಡಿನವರೆಲ್ಲ ಅದನ್ನೇ ಹಿಡಿದುಕೊಂಡರು. ನಿಮ್ಮ ಕಡೆಯ ಪದಗಳು ನಿಮಗೆ ಹೇಗೂ ಗೊತ್ತಿರುತ್ತವೆ. ಇಲ್ಲಿಗೆ ಬಂದ ಮೇಲೆ ಇಲ್ಲಿಯದನ್ನು ಕೇಳಿ, ಅಂದರೆ ಮಂಟೇಸ್ವಾಮಿ ಅನ್ನೋ ಜನಪದ ಕಾವ್ಯ ಹಾಡುವ ನೀಲಗಾರರನ್ನು.

ಒಂದು ಸಲ ಒಬ್ಬ ಹಿರಿಯ ನೀಲಗಾರರನ್ನು ನಾವು ಅಭ್ಯಾಸ ಮಾಡುವ ಜ್ಯಾಮ್ ರೂಮಿಗೆ ಕರೆದಿದ್ದೆವು. ನಾವು ಟ್ಯೂನರ್ ನೋಡಿಕೊಂಡು ಶ್ರುತಿ ಮಾಡಿ ಕೂತಿದ್ದೆವು. ಅವರ ತಂಬೂರಿ 'ಸಿ' (C) ಸ್ವರಕ್ಕೂ ಸೇರದೆ 'ಬಿ' (B) ಸ್ವರಕ್ಕೂ ಸೇರದೆ ನಡುವೆ ಎಲ್ಲೋ ಇತ್ತು. ಸ್ವಲ್ಪ ಏರಿಸ್ತೀರಾ ಅಂದೆ. "ತಂಬೂರಿ ಏರುಸ್ಬೋದು ಕಣಪ್ಪ, ನನ್ ಗಂಟ್ಲು ಏರ್ಬೇಕಲ್ಲ" ಅಂದರು. ಕಿವಿಯಲ್ಲೇ ಹುಡುಕುತ್ತಾ ನನ್ನ ಬೇಸಿನ ನಾಲ್ಕೂ ತಂತಿ ಇಳಿಸಿಕೊಂಡೆ. ಸಡಿಲವಾದ ತಂತಿ ಫ್ರೆಟ್ಟಿಗೆ ತಾಗಿ ಗರಗರ ಅಂತಿತ್ತು. ಅವರ ಗಗ್ಗರದ ಸದ್ದಿನ ಜೊತೆ ಅದೇ ಚೆನ್ನಾಗಿ ಹೊಂದಿಕೊಂಡಿತು. ಈಗಲೂ ಆ ಹಾಡಿಗೆ ಟ್ಯೂನರ್ ತೆಗೆಯಲ್ಲ.

ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಗೆ ಹೋಗಿ, ನೀಲಗಾರರು ತುಂಬಾ ಜನ ಸೇರ್ತಾರೆ. ರಾತ್ರಿ ಚಳಿ ಇರುತ್ತೆ, ಕಂಬಳಿ ಇರಲಿ. ಗಿಟಾರ್ ಮನೆಯಲ್ಲೇ ಬಿಡಿ. ರೆಕಾರ್ಡ್ ಮಾಡೋದಿದ್ರೆ ಮೊದಲು ಕೇಳಿ, ಆಮೇಲೆ ಫೋನ್ ತೆಗೀರಿ.